ವಿದ್ಯಾನಗರದ ಬಾಡಿಗೆ ಮನೆ, ಮೂರು ಜನ, ಮೂರು ಥರದ ಟೇಸ್ಟು: ಹಾಲ್ ಅಲಂಕಾರ ಹೇಗೆ ಮಾಡೋದು?

ದುರ್ಗದವಳು ಕೇಳಿದ್ದು:

ದಾವಣಗೆರೆಯಲ್ಲಿ ರೂಮ್‌ಮೇಟ್‌ಗಳ ಜೊತೆ ಮನೆ ಮಾಡಿಕೊಂಡಿರೋರು, ಇದ್ದು ಅನುಭವ ಆದೋರು ಸ್ವಲ್ಪ ದಾರಿ ಹೇಳಿ.

ನಮ್ಮದು ವಿದ್ಯಾನಗರದಲ್ಲಿ ಮೊದಲ ಮಹಡಿ, ಎರಡು ಬೆಡ್‌ರೂಮ್, ಮೇಲೆ ಬರೀ ತಾರಸಿ. ಓನರ್ ಅಂಕಲ್ ಕೆಳಗೇ ಇರ್ತಾರೆ. ನಾನು ಡಿಗ್ರಿ ಕಾಲೇಜಲ್ಲಿ ಎಕನಾಮಿಕ್ಸ್ ಗೆಸ್ಟ್ ಲೆಕ್ಚರರ್, ಊರು ಚಿತ್ರದುರ್ಗ. ಇನ್ನೊಬ್ಬಳು ಮಂಗಳೂರಿನವಳು, ಮೆಡಿಕಲ್ ಪಿಜಿ. ಹೆಸರು ಬೇಡ, ಡಾಕ್ಟ್ರಮ್ಮ ಅನ್ನೋಣ. ಮೂರನೆಯವಳು ನ್ಯಾಮತಿ ಕಡೆ ತಾಂಡಾದವಳು, ಬ್ಯಾಂಕಲ್ಲಿ ಕೆಲಸ. ದೊಡ್ಡ ರೂಮಲ್ಲಿ ನಾನೂ ಬ್ಯಾಂಕಿನವಳೂ, ಚಿಕ್ಕದರಲ್ಲಿ ಡಾಕ್ಟ್ರಮ್ಮ. ರೂಮುಗಳ ವಿಷಯದಲ್ಲಿ ಯಾರ ತಕರಾರೂ ಇಲ್ಲ. ತಕರಾರೆಲ್ಲ ಹಾಲಿಂದೇ.

ಡಾಕ್ಟ್ರಮ್ಮನಿಗೆ ಹಾಲ್ ಖಾಲಿ ಇರಬೇಕು. ಬಿಳಿ ಗೋಡೆ, ಗೋಧಿಬಣ್ಣದ ಕರ್ಟನ್, ಮೂಲೇಲಿ ಮಣ್ಣಿನ ಹೂಜಿ, ಅದರಲ್ಲಿ ಒಣಗಿದ ಹುಲ್ಲು. ಫೋನಲ್ಲಿ ಇಂಥ ಫೋಟೋ ನೂರಾರು ಇಟ್ಕೊಂಡಿದಾಳೆ. ಹೊಲದ ಬದುವಲ್ಲಿ ಸಿಗೋ ಹುಲ್ಲನ್ನ ಆನ್‌ಲೈನಲ್ಲಿ ದುಡ್ಡು ಕೊಟ್ಟು ತರಿಸ್ತೀಯಾ ಅಂತ ಬ್ಯಾಂಕಿನವಳು ಬಾಯಿ ಬಿಟ್ಟು ಕೇಳಿಬಿಟ್ಟಳು. ಬಿರುಕು ಶುರುವಾಗಿದ್ದೇ ಅಲ್ಲಿಂದ.

ಬ್ಯಾಂಕಿನವಳ ಹತ್ತಿರ ಅವರಜ್ಜಿ ಕೈಯಲ್ಲಿ ಹೊಲಿದ ಲಂಬಾಣಿ ಬಟ್ಟೆ ಇದೆ. ಕೆಂಪು, ನೀಲಿ, ಹಳದಿ, ಅಂಚಿಗೆ ಕವಡೆ, ಮೈತುಂಬಾ ಕನ್ನಡಿ. ಅದನ್ನ ಹಾಲಲ್ಲಿ ಎದುರಿಗೇ ಹಾಕಬೇಕು ಅನ್ನೋದು ಅವಳ ಆಸೆ. ನಮ್ಮ ಹಾಲಿನ ಕಿಟಕಿ ಪಶ್ಚಿಮಕ್ಕಿದೆ. ಸಂಜೆ ಐದರ ಹೊತ್ತಿಗೆ ಬಿಸಿಲು ಸೀದಾ ಒಳಗೆ ಬಂದು ಕನ್ನಡಿಗಳ ಮೇಲೆ ಬಿದ್ದರೆ ಚಾವಣಿ ತುಂಬಾ ಬೆಳಕಿನ ಚುಕ್ಕಿ. ಫ್ಯಾನ್ ಗಾಳಿಗೆ ಬಟ್ಟೆ ಅಲ್ಲಾಡಿದರೆ ಚುಕ್ಕಿಗಳೂ ಓಡಾಡ್ತವೆ. ನನಗೆ ನೋಡ್ತಾ ಕೂರಬೇಕು ಅನ್ಸುತ್ತೆ. ಆದರೆ ನೈಟ್ ಡ್ಯೂಟಿ ಮುಗಿಸಿ ಬಂದ ಡಾಕ್ಟ್ರಮ್ಮ ಮಲಗೋದು ಅದೇ ಹಾಲಿನ ದಿವಾನ್ ಮೇಲೆ, ಕೂಲರ್ ಮುಂದೆ. ಅವಳ ರೂಮಲ್ಲಿ ಬೇಸಿಗೇಲಿ ತಾರಸಿ ಕಾದು ಇರೋಕಾಗಲ್ಲ. ಆ ಚುಕ್ಕಿ ಅವಳ ಕಣ್ಣಿಗೇ ಹೊಡೆಯುತ್ತೆ. ಪಾಪ, ಅವಳದೂ ತಪ್ಪಿಲ್ಲ.

ಇನ್ನು ನಂದು. ಪುಸ್ತಕದ ರ‍್ಯಾಕ್, ಹಳದಿ ಬೆಳಕು, ಅಪ್ಪ ತೆಗೆದ ಕೋಟೆಯ ಕಪ್ಪುಬಿಳುಪು ಫೋಟೋಗಳು, ಜೊತೆಗೆ ಅಮ್ಮ ಕಳಿಸಿದ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಫೋಟೋ. ಕೊನೇದನ್ನ ಬಿಡೋಕಂತೂ ಆಗಲ್ಲ, ಅಮ್ಮ ವಿಡಿಯೋ ಕಾಲಲ್ಲಿ ಚೆಕ್ ಮಾಡ್ತಾರೆ.

ಓನರ್ ಅಂಕಲ್ ಕಂಡೀಷನ್: ಮೊಳೆ ಹೊಡೆಯೋ ಹಾಗಿಲ್ಲ, ಬಿಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಅಡ್ವಾನ್ಸಲ್ಲಿ ಹಿಡ್ಕೋತಾರೆ. ಡಾಕ್ಟ್ರಮ್ಮ ತರಿಸಿದ ಅಂಟು ಹುಕ್ಕು ಅಂಗೈಯಗಲ ಬಣ್ಣ ಕಿತ್ತುಕೊಂಡು ಕೆಳಗೆ ಬಿತ್ತು. ಅದು ಅಂಕಲ್‌ಗೆ ಇನ್ನೂ ಗೊತ್ತಿಲ್ಲ. ಒಂದು ಗೋಡೆಗೆ ಕಡುಹಸಿರು ಹೊಡೆಸೋಣ್ವಾ ಅಂತ ಕೇಳಿದ್ದಕ್ಕೆ ಅವರು ನನ್ನ ಮುಖ ನೋಡಿ ಒಳಗೆ ಹೋದರು.

ಹೋದ ಭಾನುವಾರ ಮಂಡಕ್ಕಿ ಮಿರ್ಚಿ ತಂದಿಟ್ಟುಕೊಂಡು ಮೀಟಿಂಗ್ ಮಾಡಿದ್ವಿ. ಮಿರ್ಚಿ ಖಾಲಿ ಆಯ್ತು, ತೀರ್ಮಾನ ಆಗಲಿಲ್ಲ. ಈಗ ಹಾಲ್ ಬಸ್‌ಸ್ಟ್ಯಾಂಡಿನ ವೇಟಿಂಗ್ ರೂಮ್ ಥರ ಇದೆ: ಒಂದು ಟ್ಯೂಬ್‌ಲೈಟು, ಒಂದು ದಿವಾನು, ಮೂರು ಬ್ಯಾಗು. ಮೂವರೂ ಸೇರಿ 9 ಸಾವಿರದವರೆಗೆ ಹಾಕಬಹುದು. ಗೋಡೆ ಕೆಡಿಸದೆ ತೂಗುಹಾಕೋದು ಹೇಗೆ, ಲೈಟ್ ಯಾವುದು, ಎಲ್ಲಕ್ಕಿಂತ ಮುಖ್ಯ, ಕೊನೇ ಮಾತು ಯಾರದ್ದು?

ಬಿ ಬ್ಲಾಕ್ ಓನರ್:

ಎಂಸಿಸಿ ಬಿ ಬ್ಲಾಕಲ್ಲಿ ನನ್ನದೂ ಎರಡು ಬಾಡಿಗೆ ಮನೆ ಇವೆ. ನಿಮ್ಮ ಅಂಕಲ್ ಕಡೆಯಿಂದ ನಾನೇ ಮಾತಾಡ್ತೀನಿ ಅಂದ್ಕೊಳ್ಳಿ.

ಗೋಡೆ ಮೇಲೆ ಅಂಗೈ ಒತ್ತಿ ಉಜ್ಜಿ ನೋಡಮ್ಮ. ಕೈಗೆ ಪುಡಿ ಹತ್ತಿದರೆ ಅದು ಡಿಸ್ಟೆಂಪರ್ ಅಥವಾ ಸುಣ್ಣ. ಅದಕ್ಕೆ ಯಾವ ಅಂಟು ಹುಕ್ಕೂ, ಯಾವ ಡಬಲ್ ಟೇಪೂ ನಿಲ್ಲಲ್ಲ. ಟೇಪ್ ಹಿಡ್ಕೊಳ್ಳೋದು ಬಣ್ಣವನ್ನ, ಬಣ್ಣವೇ ಗೋಡೆಯನ್ನ ಗಟ್ಟಿಯಾಗಿ ಹಿಡಿದಿರಲ್ಲ. ಎಮಲ್ಷನ್ ಆದರೆ ಸ್ವಲ್ಪ ತಡೆಯುತ್ತೆ, ಅದೂ ಹಗುರ ಸಾಮಾನಿಗೆ ಮಾತ್ರ.

ಮೊಳೆ ಬೇಡ ಅನ್ನೋದು ಹಠ ಅಲ್ಲ. ಸುತ್ತಿಗೆಯಲ್ಲಿ ಮೊಳೆ ಹೊಡೆದರೆ ಸುತ್ತ ಪ್ಲಾಸ್ಟರ್ ಬಿರುಕು ಬಿಡುತ್ತೆ. ಒಂದು ಬಗ್ಗಿತು ಅಂತ ಪಕ್ಕದಲ್ಲೇ ಇನ್ನೊಂದು, ಅದರ ಪಕ್ಕ ಮತ್ತೊಂದು. ನನ್ನ ಮನೇಲಿ ಒಂದು ಗೋಡೆ ನೋಡಿದರೆ ಕಣ್ಣಲ್ಲಿ ನೀರು ಬರುತ್ತೆ. ಕಡುಬಣ್ಣವೂ ಹಾಗೇ. ಹೊಡೆಯೋದು ಸುಲಭ, ಅದನ್ನ ಮುಚ್ಚಿ ಮತ್ತೆ ಬಿಳಿ ತರೋಕೆ ಪ್ರೈಮರ್ ಹೊಡೆದು ಮೇಲೆ ಎರಡು ಮೂರು ಕೋಟ್ ಬೇಕು. ಒಂದು ತಿಂಗಳ ಬಾಡಿಗೆಯಲ್ಲಿ ಪೇಂಟರ್ ಕೂಲೀನೂ ಹುಟ್ಟಲ್ಲ.

ಆದರೆ ಒಂದು ದಾರಿ ಇದೆ. ಹೋಗಿ ಅವರನ್ನ ಹೀಗೆ ಕೇಳಿ: "ಅಂಕಲ್, ಒಂದೇ ಗೋಡೆ, ನೆಲದಿಂದ 7 ಅಡಿ ಮೇಲೆ ಎರಡು ಬ್ರಾಕೆಟ್, ಡ್ರಿಲ್ ಮಾಡಿಸಿ ತೂತಿಗೆ ಸ್ಕ್ರೂ ಹಿಡಿಯೋ ಪ್ಲಗ್ ಹಾಕಿಸ್ತೀವಿ, ಬಿಡುವಾಗ ಪುಟ್ಟಿ ತುಂಬಿ ಕೊಡ್ತೀವಿ." ಕರ್ಟನ್ ಹಾಕೋ ಸ್ಟೀಲ್ ಪೈಪನ್ನೇ ಗೋಡೆಯ ಈ ತುದಿಯಿಂದ ಆ ತುದಿಗೆ ಹಾಕಿ. ಉದ್ದ ಜಾಸ್ತಿ ಆದರೆ ನಡುವೆ ಇನ್ನೊಂದು ಬ್ರಾಕೆಟ್ ಕೇಳಿ, ಇಲ್ಲಾಂದ್ರೆ ಪೈಪು ಬಾಗುತ್ತೆ. ಅದರ ಮೇಲೆ ಎಸ್ ಹುಕ್ಕು, ನೈಲಾನ್ ದಾರ. ಫೋಟೋ, ಬಟ್ಟೆ, ಬುಟ್ಟಿ, ಏನು ಬೇಕಾದರೂ ತೂಗುಹಾಕಿ, ಬೇಕಾದಾಗ ಜರುಗಿಸಿ. ಗೋಡೆಗೆ ತೂತು ಆಮೇಲೆ ಜಾಸ್ತಿ ಆಗಲ್ಲ. ಬಾಡಿಗೆಯವರು ಹೀಗೆ ಲೆಕ್ಕ ಹೇಳಿ ಕೇಳಿದರೆ ನಾನಂತೂ ಬೇಡ ಅನ್ನಲ್ಲ.

ಅಂಗೈಯಗಲ ಬಣ್ಣ ಹೋಗಿರೋದನ್ನೂ ಅದೇ ಭೇಟಿಯಲ್ಲಿ ಹೇಳಿಬಿಡಿ. ಮುಚ್ಚಿಟ್ಟು ಕೊನೆಗೆ ಸಿಕ್ಕಿಬಿದ್ದರೆ ಅಡ್ವಾನ್ಸ್ ವಾಪಸ್ ಕೊಡುವಾಗ ಅದೇ ಮಾತು ಬರುತ್ತೆ.

ಖಾರಾ ಮಂಡಕ್ಕಿ:

ಮೂವರೂ ಮದುವೆ ಆಗಿ ಬೇರೆ ಬೇರೆ ಮನೆಗೆ ಹೋಗಿ. ಸಮಸ್ಯೆ ಖತಂ.

ದುರ್ಗದವಳು:

@ಖಾರಾ ಮಂಡಕ್ಕಿ ಅಲ್ಲಿ ಅತ್ತೆ ಟೇಸ್ಟ್ ಕಾಯ್ತಾ ಇರುತ್ತಲ್ಲ ಅಣ್ಣ. @ಬಿ ಬ್ಲಾಕ್ ಓನರ್ ಸರ್, ಪೈಪಿನ ಐಡಿಯಾ ತುಂಬಾ ಚೆನ್ನಾಗಿದೆ. ಗೋಡೆ ಉಜ್ಜಿ ನೋಡಿದೆ, ಕೈ ಬೆಳ್ಳಗಾಯ್ತು.

ಕರ್ಟನ್ ಅಕ್ಕ:

ನಾನು ಕರ್ಟನ್, ದಿವಾನ್ ಕವರ್ ಹೊಲಿಯಾಕಿ. ನಿಜಲಿಂಗಪ್ಪ ಬಡಾವಣೆಯಾಗ ಮನಿ, ಮನೀಲೇ ಮಷಿನ್ ಐತಿ. ಅಳತಿ ತಗೊಳಾಕ ಹೋದಲ್ಲೆಲ್ಲ ಈ ಜಗಳ ನೋಡೀನಿ. ಗಂಡ ಹೆಂಡತಿ, ಅತ್ತಿ ಸೊಸಿ, ಅಣ್ಣ ತಮ್ಮ, ನಿಮ್ಮಂಥ ಹುಡುಗ್ಯಾರು, ಎಲ್ಲಾರೂ ಕ್ಯಾಟಲಾಗ್ ಹಿಡಕೊಂಡು ಬಣ್ಣದ ಮ್ಯಾಲೆ ಬಡದಾಡ್ತಾರ. ಬಣ್ಣ ಕಡೀಗೆ ನೋಡ್ರಿ. ಮೊದ್ಲು ನಿದ್ದಿ, ಬೆಳಕು, ಧೂಳು, ಈ ಮೂರನ್ನ ಬಗೆಹರಿಸ್ರಿ. ಅರ್ಧ ಜಗಳ ಅಲ್ಲೇ ಮುಗೀತದ.

ಡಾಕ್ಟ್ರಮ್ಮಗ ಸಿಟ್ಟಿರೋದು ಲಂಬಾಣಿ ಬಟ್ಟಿ ಮ್ಯಾಲೆ ಅಲ್ಲವ್ವಾ, ಪಡುವಣ ಬಿಸಲಿನ ಮ್ಯಾಲೆ. ಏಪ್ರಿಲ್ ಬಂದ್ರ ನಮ್ಮೂರಾಗ 38 ಡಿಗ್ರಿ ದಾಟ್ತದ, ಆ ಕಿಟಕಿಗೆ ನೀವು ತೆಳ್ಳನ ಗೋಧಿಬಣ್ಣದ ಕರ್ಟನ್ ಹಾಕಿದ್ರ ಹಾಲ್ ಒಲಿ ಆಗತೈತಿ. ಎರಡು ಪದರು ಮಾಡ್ರಿ. ಹಾಲಿನ ಕಡೆ ಆಕಿ ಕೇಳಿದ ಗೋಧಿಬಣ್ಣ, ಕಿಟಕಿ ಕಡೆ ದಪ್ಪನ ಬಿಳಿ ಅಸ್ತರ. ಹೊರಗಿನ ಮುಖ ಬಿಳೀದಿದ್ರ ಬಿಸಲು ಹೊರಗ ತಿರುಗಿ ಹೋಗ್ತದ. ಒಳಗ ಕತ್ತಲಿ, ತಂಪು. ಆಕಿ ಮಕ್ಕಂಡಾಗ ಎಳೀರಿ, ಎದ್ದಮ್ಯಾಲೆ ಸರಸ್ರಿ.

ಅಳತಿ ಒಂದು ಮಾತು. ರೆಡಿಮೇಡ್ ತರಾಕ ಹೋದ್ರ ಎಲ್ಲಾರೂ ಕಿಟಕಿ ಅಗಲದಷ್ಟೇ ತರ್ತಾರ. 5 ಅಡಿ ಕಿಟಕಿಗೆ ಬಟ್ಟಿ 10 ಅಡಿ ಬೇಕು, ಆಗ ನೆರಿಗಿ ಬೀಳತೈತಿ, ನಡುವ ಸಂದಿ ಇರಂಗಿಲ್ಲ. ಪೈಪು ಸುದ್ದಾ ಕಿಟಕಿಗಿಂತ ಎರಡೂ ಕಡಿ ಒಂದೊಂದು ಗೇಣು ಉದ್ದ ಇರ್ಲಿ. ಬೆಳಕು ನುಗ್ಗೋದು ಬಟ್ಟಿ ನಡುವಿಂದಲ್ಲ, ಬದಿಯಿಂದ. 9 ಸಾವಿರದಾಗ ದೊಡ್ಡ ಪಾಲು ಇದಕ್ಕ ಹಾಕ್ರಿ. ಉಳಿದದ್ದು ಇದ್ದದ್ರಾಗ ಆಗತೈತಿ.

ಕೊನೀ ಮಾತು ಯಾರದು ಅಂತ ಕೇಳೀರಿ. ನಾ ಹೇಳೋದು ಎಲ್ಲಾ ಮನೀಗೂ ಒಂದೇ: ಧೂಳು ಒರಸೋರದು. ದಾವಣಗೇರಿ ಧೂಳು ಗೊತ್ತೈತಲ್ಲ, ಮುಂಜಾನಿ ಒರಸಿದ್ರ ಸಂಜೀಕ ಬೆರಳಾಗ ಹೆಸರು ಬರೀಬೌದು. ಹುಲ್ಲಿನ ಹೂಜಿ ಬೇಕಾ, ಆ ಹುಲ್ಲಿನ ಧೂಳು ಡಾಕ್ಟ್ರಮ್ಮನೇ ಕೊಡವಬೇಕು. ಕನ್ನಡಿ ಬಟ್ಟಿ ಬ್ಯಾಂಕಿನಾಕಿದು. ಪುಸ್ತಕ, ಫೋಟೋ ನಿಮ್ಮವು. ನಿಮ್ಮ ತಿಪ್ಪೇಸ್ವಾಮಿನ ಹೇಳ್ಯಾನಲ್ಲ, ಮಾಡಿದಷ್ಟು ನೀಡು ಭಿಕ್ಷೆ ಅಂತ. ಒರಸಿದಷ್ಟು ಗೋಡಿ. ಹದಿನೈದು ದಿನ ಬಿಟ್ಟು ನೋಡ್ರಿ, ಯಾರ ಸಾಮಾನು ತಾನಾಗೇ ರೂಮಿನ ಅಟ್ಟಕ್ಕ ಹೋಗಿರತೈತಿ, ಯಾರೂ ಜಗಳ ಆಡೋದೇ ಬ್ಯಾಡ.

ರಾತ್ರಿ ಪಾಳಿ ನರ್ಸ್:

ಕರ್ಟನ್ ಅಕ್ಕ ಹೇಳಿದ್ದರಲ್ಲಿ ಪರದೆ ವಿಷಯ ನೂರಕ್ಕೆ ನೂರು ಸರಿ. ಧೂಳಿನ ಮಾತು ಮಾತ್ರ ನಾನು ಒಪ್ಪಲ್ಲ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಬಂದವಳು ಬಟ್ಟೆ ಹಿಡ್ಕೊಂಡು ಒರೆಸಲ್ಲ, ಬಿದ್ಕೊಳ್ತಾಳೆ. ಈ ಕಾನೂನಲ್ಲಿ ಮನೆಗೆ ಬೇಗ ಬರೋರೇ ಗೆಲ್ತಾರೆ. ಗೆಸ್ಟ್ ಲೆಕ್ಚರರ್ ನಾಲ್ಕಕ್ಕೆ ಮನೇಲಿರ್ತಾರೆ, ಪಿಜಿ ಡಾಕ್ಟರ್ ಯಾವಾಗ ಬರ್ತಾರೋ ಅವರಿಗೇ ಗೊತ್ತಿರಲ್ಲ. ಬಾಡಿಗೆ ಮೂವರೂ ಸಮ ಕೊಟ್ಟಮೇಲೆ ಗೋಡೆಯೂ ಸಮ ಇರಬೇಕಲ್ವಾ?

ನಾನು ಇದ್ದ ಮನೇಲಿ ಮಾಡಿದ್ದು ಬೇರೆ. ಯಾರು ಯಾವ ಕಡೆ ಮುಖ ಮಾಡಿ ಕೂರ್ತಾರೋ ಅದಕ್ಕೆದುರಿನ ಗೋಡೆ ಅವರ ಕಣ್ಣಿಗೆ ಒಗ್ಗಬೇಕು. ದಿವಾನ್ ಮೇಲೆ ಮಲಗೋಳು ಡಾಕ್ಟ್ರಮ್ಮ ತಾನೇ, ಎದುರಿನ ಗೋಡೆ ಖಾಲಿ ಬಿಡಿ, ಅವಳ ಕಣ್ಣಿಗೆ ವಿಶ್ರಾಂತಿ. ಅವಳ ತಲೆ ಹಿಂದಿನ ಗೋಡೆ ನೀವಿಬ್ಬರೂ ತಗೊಳ್ಳಿ. ಅವಳಿಗೆ ಕಾಣಲ್ಲ, ನಿಮಗೆ ಒಳಗೆ ಬರ್ತಿದ್ದಂಗೆ ಕಾಣುತ್ತೆ.

ಲೈಟ್ ಬಗ್ಗೆ ಯಾರೂ ಹೇಳಿಲ್ಲ. ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಅಂತ ಬರೆದಿರುತ್ತೆ. 2700 ಅಥವಾ 3000 ಇದ್ದರೆ ಹಳದಿ, 6500 ಇದ್ದರೆ ಆಸ್ಪತ್ರೆಯ ಬಿಳಿ. ಓದೋಕೆ ಚಾವಣಿ ಟ್ಯೂಬ್‌ಲೈಟ್ ಇರಲಿ. ಸಂಜೆಗೆ ಮೂಲೇಲಿ ಒಂದು ಹಳದಿ ಲ್ಯಾಂಪ್ ಸಾಕು. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಬಣ್ಣ ಬದಲಾಗೋ ಮೂರು ಬಣ್ಣದ ಎಲ್‌ಇಡಿ ಬಲ್ಬೂ ಸಿಗುತ್ತೆ. ನಮ್ಮ ಮನೇಲಿ ಅದು ಬಂದಮೇಲೆ ಲೈಟಿನ ಜಗಳ ಹೋಯ್ತು, ಸ್ವಿಚ್ ಟಕ್ ಟಕ್ ಅನ್ನಿಸೋ ಜಗಳ ಬಂತು.

ಇನ್ನೊಂದು, ಹಾಲಿಗೆ ಮನಿಪ್ಲಾಂಟ್ ಬಾಟ್ಲಿ ಇಡೋ ಯೋಚನೆ ಇದ್ದರೆ ವಾರಕ್ಕೊಮ್ಮೆ ನೀರು ಚೆಲ್ಲಿ ಬಾಟ್ಲಿ ಒಳಗೆ ಉಜ್ಜಿ. ಡೆಂಗಿ ಸೊಳ್ಳೆ ಅಂಥ ಸ್ವಚ್ಛ ನೀರಲ್ಲೇ ಮೊಟ್ಟೆ ಇಡೋದು. ಮಳೆಗಾಲದಲ್ಲಿ ವಾರ್ಡ್ ತುಂಬಿದಾಗ ನನಗೆ ಎಲ್ಲರ ಮನೆ ಮನಿಪ್ಲಾಂಟ್ ನೆನಪಾಗುತ್ತೆ.

ಕರ್ಟನ್ ಅಕ್ಕ:

@ರಾತ್ರಿ ಪಾಳಿ ನರ್ಸ್ ತಂಗಿ, ನೀ ಹೇಳೋದೂ ಖರೇನ ಐತಿ. ಆದ್ರ ಒರಸಾಕ ಪುರಸೊತ್ತಿಲ್ಲದಾಕಿಗೆ ಖಾಲಿ ಗೋಡಿನೇ ಲಾಭ ಅಲ್ಲೇನವ್ವ? ಡಾಕ್ಟ್ರಮ್ಮ ಕೇಳಿದ್ದೂ ಅದನ್ನೇ. ಆ ಹುಲ್ಲಿನ ಹೂಜಿ ಒಂದು ಬಿಡಸ್ರಿ.

ಕೊಪ್ಪದ ಹಾದಿ:

ನಮ್ಮ ತಾಂಡಾನೂ ನ್ಯಾಮತಿ ಕಡೆಯದೇ, ಸೂರಗೊಂಡನಕೊಪ್ಪದ ಹತ್ತಿರ. ಅಜ್ಜಿ ಹೊಲಿದ ಬಟ್ಟೆ ಅಂತ ಓದಿ ಬರೀಬೇಕು ಅನ್ನಿಸ್ತು.

ಅದಕ್ಕೆ ಕ್ಲಿಪ್ ಹಾಕಬೇಡಿ, ಮೊಳೆಯಂತೂ ಬೇಡವೇ ಬೇಡ. ಕನ್ನಡಿ, ಕವಡೆ ಸೇರಿ ಅದು ನೋಡೋಕಿಂತ ಭಾರ ಇರುತ್ತೆ. ಎರಡು ಮೂಲೆ ಹಿಡಿದು ತೂಗುಹಾಕಿದರೆ ಭಾರವೆಲ್ಲ ಮೂಲೆಗೆ ಬಿದ್ದು ನಡುವೆ ಜೋಲುತ್ತೆ, ಹಳೇ ದಾರ ಅಲ್ಲೇ ಕಿತ್ತುಕೊಳ್ಳುತ್ತೆ. ಹಿಂದೆ ಒಂದು ಗಟ್ಟಿ ಹತ್ತಿ ಬಟ್ಟೆ ಇಟ್ಟು ಕೈಹೊಲಿಗೆ ಹಾಕಿಸಿ, ಮೇಲಂಚಿಗೆ ಉದ್ದಕ್ಕೂ ಕೋಲು ತೂರುವಷ್ಟು ಸಂದಿ ಬಿಡಿಸಿ. ಬಿದಿರ ಕೋಲು ತೂರಿಸಿ, ಆ ಕೋಲನ್ನ ಓನರ್ ಸರ್ ಹೇಳಿದ ಪೈಪಿಗೆ ಕಟ್ಟಿ. ಹೊಲಿಗೆ ಅಜ್ಜಿಯ ಕಸೂತಿ ಮೇಲೆ ಬರಬಾರದು, ಹಿಂದಿನ ಬಟ್ಟೆಯ ಅಂಚಲ್ಲೇ ಇರಲಿ. ಕರ್ಟನ್ ಅಕ್ಕನಿಗೆ ಇದು ಕಷ್ಟದ ಕೆಲಸ ಅಲ್ಲ.

ಬಿಸಿಲು ಬೀಳೋ ಕಡೆ ಹಾಕಲೇಬೇಡಿ. ಕಣ್ಣಿಗೆ ಹೊಡೆಯೋದು ಹಾಗಿರಲಿ, ಕೆಂಪು ಬಣ್ಣ ಮಾಸಿಹೋಗುತ್ತೆ. ಮಷಿನ್‌ಗೆ ಹಾಕೋದಂತೂ ಕನಸಲ್ಲೂ ಬೇಡ. ಧೂಳಿಗೆ ಮೃದು ಬ್ರಷ್ ಸಾಕು. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ, ಅಂದರೆ ಇದು ಆ ಊರಿನದೇ ಅನ್ನೋ ಸರ್ಕಾರಿ ಗುರುತು ಇದೆ, ಊರೂರಲ್ಲಿ ಜನ ದುಡ್ಡು ಕೊಟ್ಟು ಹೊಸದನ್ನ ಕೊಳ್ತಾರೆ. ನಿಮ್ಮ ಮನೇಲಿ ಹಳೇದೇ ಇದೆ. ಡಾಕ್ಟ್ರಮ್ಮನಿಗೆ ಒಂದ್ಸಲ ಅದರ ಹೊಲಿಗೆ ಹತ್ತಿರದಿಂದ ತೋರಿಸೋಕೆ ಹೇಳಿ. ದೂರದಿಂದ ನೋಡಿದರೆ ಬರೀ ಗದ್ದಲ ಅನ್ಸುತ್ತೆ, ಒಂದೊಂದು ಕನ್ನಡಿಯ ಸುತ್ತ ಹಾಕಿರೋ ದಾರ ನೋಡಿದರೆ ಬೇರೆ ಮಾತು.

ಬಿ ಬ್ಲಾಕ್ ಓನರ್:

ದುಡ್ಡಿನ ಬಗ್ಗೆ ಒಂದು ಮಾತು ಬಿಟ್ಟುಹೋಯ್ತು. 9 ಸಾವಿರ ಒಟ್ಟಿಗೆ ಸೇರಿಸಿ ಸಾಮಾನು ತರಬೇಡಿ. ಬಾಡಿಗೆಯವರು ಬಿಡುವಾಗ ನಡೆಯೋ ಜಗಳ ನಾನು ಮೆಟ್ಟಿಲ ಕೆಳಗೆ ನಿಂತು ಕೇಳಿದ್ದೀನಿ: "ಸೋಫಾದಲ್ಲಿ ನಂದೂ ಮೂರನೇ ಒಂದು ಪಾಲಿದೆ." ಕತ್ತರಿಸಿ ಕೊಡ್ತಾರಾ? ರ‍್ಯಾಕ್ ಒಬ್ಬರದ್ದು, ಲ್ಯಾಂಪ್ ಒಬ್ಬರದ್ದು, ಕರ್ಟನ್ ಒಬ್ಬರದ್ದು ಅಂತ ಮೊದಲೇ ಹಂಚಿ. ಡ್ರಿಲ್ ಕೂಲಿ, ಪುಟ್ಟಿ, ಬಲ್ಬಿನಂಥ ವಾಪಸ್ ಬರದ ಖರ್ಚು ಮಾತ್ರ ಮೂವರೂ ಹಾಕಿ. ಒಬ್ಬಳು ಕೋರ್ಸ್ ಮುಗಿಸಿ ಹೋಗೇ ಹೋಗ್ತಾಳೆ ತಾನೇ.

ಖಾರಾ ಮಂಡಕ್ಕಿ:

ಇಷ್ಟು ಚರ್ಚೆ ನಮ್ಮ ಮಹಾನಗರ ಪಾಲಿಕೆಯಲ್ಲೂ ಆಗಲ್ಲ.

ದುರ್ಗದವಳು:

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ನಿನ್ನೆ ರಾತ್ರಿ ಇಬ್ಬರಿಗೂ ಓದಿ ಹೇಳಿದೆ. ಒರೆಸಿದಷ್ಟು ಗೋಡೆ ಅಂದಾಗ ಡಾಕ್ಟ್ರಮ್ಮ ಹುಲ್ಲಿನ ಆರ್ಡರ್ ಅಲ್ಲೇ ಕ್ಯಾನ್ಸಲ್ ಮಾಡಿದಳು. ಬ್ಯಾಂಕಿನವಳು ನಗಲಿಲ್ಲ, ಅದೇ ದೊಡ್ಡದು.

ಧೂಳು ಮತ್ತೆ ಗೋಡೆ ಎರಡರಲ್ಲೂ ಸ್ವಲ್ಪ ಸ್ವಲ್ಪ ತಗೊಂಡಿದೀವಿ. ದಿವಾನ್ ಎದುರಿನ ಗೋಡೆ ಖಾಲಿ. ಅದು ಡಾಕ್ಟ್ರಮ್ಮನದು, ಬಿರುಕು ಬಿಟ್ಟ ಪ್ಲಾಸ್ಟರ್ ಕಾಣ್ತಾ ಇರುತ್ತೆ ಅಂದರೂ ಪರವಾಗಿಲ್ಲ ಅಂದಳು. ದಿವಾನ್ ಹಿಂದಿನ ಗೋಡೆಗೆ ಪೈಪು. ಆ ಗೋಡೆಗೆ ಬಿಸಿಲು ತಾಕಲ್ಲ, ಹಾಗಾಗಿ ಚುಕ್ಕಿ ಆಟ ಇನ್ನಿಲ್ಲ, ನನಗೊಬ್ಬಳಿಗೇ ಬೇಜಾರು. ಪೈಪಿನ ಮುಕ್ಕಾಲು ಭಾಗ ಅಜ್ಜಿ ಬಟ್ಟೆಗೆ, ಉಳಿದ ಕಡೆ ಅಪ್ಪನ ಎರಡು ಫೋಟೋ. ಬಾಕಿ ಫೋಟೋಗಳು ನಮ್ಮ ರೂಮಿಗೆ ಹೋಗ್ತವೆ. ತಿಪ್ಪೇರುದ್ರಸ್ವಾಮಿ ನನ್ನ ರ‍್ಯಾಕಿನ ಮೇಲಿನ ತಟ್ಟೆಯಲ್ಲಿ, ಪೂರ್ವಕ್ಕೆ ಮುಖ. ಅಮ್ಮ ನೋಡಿ ಒಪ್ಪಿದ್ರು. ಊದುಬತ್ತಿ ಮಾತ್ರ ಬಾಲ್ಕನಿಯಲ್ಲಿ, ಡಾಕ್ಟ್ರಮ್ಮನಿಗೆ ಹೊಗೆ ಆಗಲ್ಲ.

ಕರ್ಟನ್ ದುಡ್ಡು ಡಾಕ್ಟ್ರಮ್ಮ ಕೊಡ್ತಾಳೆ, ಹೋಗುವಾಗ ಅವಳೇ ತಗೊಂಡು ಹೋಗ್ತಾಳೆ. ರ‍್ಯಾಕ್ ನಂದು. ಲ್ಯಾಂಪ್ ಬ್ಯಾಂಕಿನವಳದು, ಅದರ ಬಣ್ಣ ನಾನು ಕೇಳಬಾರದಂತೆ. ಕೇಸರಿ ಇರುತ್ತೇನೋ ಅಂತ ಭಯ ಇದೆ. ನೋಡೋಣ.

ಓನರ್ ಅಂಕಲ್‌ಗೆ ಬಣ್ಣ ಕಿತ್ತಿದ್ದು ಹೇಳಿದ್ವಿ. "ಮೊನ್ನೆ ಗ್ಯಾಸ್ ಸಿಲಿಂಡರ್ ಇಡೋಕೆ ಬಂದಾಗಲೇ ನೋಡಿದ್ದೆ" ಅಂದರು! ಪೈಪಿಗೆ ಒಪ್ಪಿದಾರೆ, ಆದರೆ ಡ್ರಿಲ್ ಹಾಕುವಾಗ ತಾವೂ ಬಂದು ನಿಲ್ತಾರಂತೆ. @ಕರ್ಟನ್ ಅಕ್ಕ, ನಿಮಗೆ ಮೆಸೇಜ್ ಹಾಕಿದೀನಿ, ಕಿಟಕಿ 5 ಅಡಿ ಅಗಲ, 4 ಅಡಿ ಎತ್ತರ, ಬಟ್ಟೆ ಎಷ್ಟು ಮೀಟರ್ ಅಂತ ಹೇಳಿ. @ಬಿ ಬ್ಲಾಕ್ ಓನರ್ ಸರ್, ಡ್ರಿಲ್ ಮಾಡೋ ಗೋಡೆಯಲ್ಲೇ ಸ್ವಿಚ್‌ಬೋರ್ಡ್ ಇದೆ, ತೊಂದರೆ ಇಲ್ವಾ?

ಬಿ ಬ್ಲಾಕ್ ಓನರ್:

ಇದೆ. ಬೋರ್ಡಿನ ನೇರ ಮೇಲಕ್ಕೆ, ನೇರ ಪಕ್ಕಕ್ಕೆ ತೂತು ಬೇಡ. ಗೋಡೆ ಒಳಗೆ ವೈರಿನ ಪೈಪು ಸಾಮಾನ್ಯವಾಗಿ ಆ ದಾರಿಯಲ್ಲೇ ಹೋಗಿರುತ್ತೆ. ಒಂದು ಅಡಿಯಾದರೂ ಆಚೆ ಸರಿಸಿ, ಡ್ರಿಲ್ ಹಾಕುವಾಗ ಮೇನ್ ಆಫ್ ಮಾಡಿ, ಮಷಿನ್‌ಗೆ ಕರೆಂಟು ಕೆಳಗಿನ ಮನೆಯಿಂದ ಎಳ್ಕೊಳ್ಳಿ. ಅಂಕಲ್ ಹೇಗೂ ಬಂದು ನಿಲ್ತಾರಲ್ಲ, ವೈರಿಂಗ್ ಎಲ್ಲಿ ಹೋಗಿದೆ ಅಂತ ಅವರನ್ನೇ ಕೇಳಿ. ಮನೆ ಕಟ್ಟಿಸಿದವರಿಗೆ ಅದು ಮರೆಯಲ್ಲ.